ರಕ್ತದ ಕೋಡಿ ಮತ್ತು ಎರಡು ಸೌಟು ಪಾಯಸ

ನಮ್ಮ ಯಜಮಾನರಿಗೆ ಟೀವಿಯಲ್ಲಿ ಬರುವ ರಾಜಕೀಯ ಚರ್ಚೆಯನ್ನು ದನಿ ಪೂರ್ತಿ ಇಳಿಸಿ ನೋಡುವ ಅಭ್ಯಾಸ. ನಾಲ್ಕು ಜನ ನಾಲ್ಕು ಚೌಕದೊಳಗೆ ಕೂತು ಕೈ ಬೀಸುತ್ತಿರುತ್ತಾರೆ, ಕತ್ತಿನ ನರ ಉಬ್ಬಿರುತ್ತವೆ, ಕೆಳಗೆ ಕೆಂಪು ಪಟ್ಟಿಯಲ್ಲಿ ‘ಮಹಾಸಮರ’, ‘ರಣಕಹಳೆ’, ‘ಭೂಕಂಪ’ ಎಂದು ಅಕ್ಷರಗಳು ಓಡುತ್ತಿರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಫ್ಯಾನು ತಿರುಗುವ ಸದ್ದು. “ಅಂಗೆ ನೋಡುದ್ರೆ ಏನ್ ತಿಳೀತದೆ?” ಎಂದು ಕೇಳಿದರೆ, “ಕೇಳುದ್ರೆ ಏನ್ ತಿಳೀತದೆ?” ಎನ್ನುತ್ತಾರೆ. ಅವರ ಮಾತೇ ಅಷ್ಟು. ಮದುವೆಯಾಗಿ ಇಷ್ಟು ಕಾಲವಾದರೂ ಅವರ ಬಾಯಿಂದ ಒಂದು ಹೊಗಳಿಕೆ ಬಂದಿದ್ದು ನನಗೆ ನೆನಪಿಲ್ಲ. ಸಾರು ಬಹಳ ಚೆನ್ನಾಗಿದ್ದ ದಿನ “ಸಾರು ಇನ್ನೊಸಿ ಅದಾ?” ಅಂತಾರೆ, ಅದೇ ಪ್ರಶಸ್ತಿ ಅಂದುಕೊಳ್ಳಬೇಕು.

ನನಗೋ, ಆ ಮೂಕ ಚರ್ಚೆ ನೋಡಿದಾಗಲೆಲ್ಲ ಕಿವಿಯೊಳಗೆ ದನಿ ಹುಟ್ಟುತ್ತದೆ. ಟೀವಿಯವರದಲ್ಲ, ನಮ್ಮಪ್ಪನದು.

ನಮ್ಮಪ್ಪ ಸಣ್ಣೇಗೌಡರು. ನಮ್ಮೂರು ಕ್ಯಾತನಹಳ್ಳಿಯ ಮಗ್ಗುಲಿಗಿದೆ. ಚಾನಲ್ ನೀರು, ಕಬ್ಬು, ಭತ್ತ, ಎರಡು ಹೊತ್ತು ಡೈರಿಗೆ ಹಾಲು. ನೀರು ಧಾರಾಳವಾಗಿರುವ ಕಡೆ ಮಾತೂ ಧಾರಾಳ ಎಂಬುದು ನನ್ನ ಸ್ವಂತ ಸಿದ್ಧಾಂತ, ಯಾರೂ ಒಪ್ಪಬೇಕಾಗಿಲ್ಲ. ನಮ್ಮೂರಲ್ಲಿ ಗದ್ದೆಗೆ ನೀರು ಬಿಟ್ಟವರು ತೂಬು ಮುಚ್ಚುವುದನ್ನು ಮರೆಯುತ್ತಾರೆ, ಬಾಯಿ ಬಿಟ್ಟವರೂ ಅಷ್ಟೇ. ದೇಶದಲ್ಲಿ ಎಷ್ಟು ಪಕ್ಷಗಳಿದ್ದವೋ ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಇದ್ದದ್ದು ಎರಡೇ: ಮೇಲ್ಬೀದಿ ಪಾರ್ಟಿ, ಕೆಳಬೀದಿ ಪಾರ್ಟಿ. ಮೇಲ್ಬೀದಿಗೆ ನಮ್ಮಪ್ಪ, ಕೆಳಬೀದಿಗೆ ಬೋರೇಗೌಡರು. ಇಬ್ಬರೂ ಒಂದೇ ಬೆಂಚಲ್ಲಿ ಕೂತು ಒಂದೇ ಮೇಷ್ಟ್ರ ಕೈಲಿ ಏಟು ತಿಂದವರು, ಗದ್ದೆಯ ಬದುವೂ ಒಂದೇ.

ಇಬ್ಬರ ಚರ್ಚೆ ನಡೆಯುತ್ತಿದ್ದುದು ಬೆಳಿಗ್ಗೆ ಡೈರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ಸಾಲು ನಿಂತಾಗ. ಪಾಂಡವಪುರದ ಮೈದಾನದಲ್ಲಿ ಯಾವ ಪಕ್ಷದ ಭಾಷಣ ಇರಲಿ, ಅಪ್ಪ ತಪ್ಪದೆ ಹೋಗುತ್ತಿದ್ದರು. ಪಕ್ಷ ಮುಖ್ಯವಲ್ಲ, ಪದ ಮುಖ್ಯ. ಸಂತೆಯಿಂದ ಬೀಜದ ಈರುಳ್ಳಿ ತರುವಂತೆ ಒಂದೊಂದು ಭಾಷಣದಿಂದ ಒಂದೊಂದು ಮಾತು ಆರಿಸಿ ತರುತ್ತಿದ್ದರು. ‘ಪ್ರಜಾಪ್ರಭುತ್ವದ ಕಗ್ಗೊಲೆ’, ‘ಇತಿಹಾಸ ಕ್ಷಮಿಸುವುದಿಲ್ಲ’, ‘ವ್ಯವಸ್ಥಿತ ಪಿತೂರಿ’. ತಂದ ಮೇಲೆ ಬಳಸಬೇಕಲ್ಲ? ಕಟ್ಟು ಬಿಚ್ಚಿಕೊಂಡ ಕರು ಹಾಲೆಲ್ಲ ಕುಡಿದುಬಿಟ್ಟರೆ ಅದು ವ್ಯವಸ್ಥಿತ ಪಿತೂರಿ. ಹುಳಿಸಾರಿಗೆ ಉಪ್ಪು ಕಡಿಮೆಯಾದರೆ ಪ್ರಜಾಪ್ರಭುತ್ವದ ಕಗ್ಗೊಲೆ. ಅವ್ವ ಉಪ್ಪಿನ ಮರಿಗೆಯನ್ನು ಅವರ ಮುಂದೆ ಕುಕ್ಕಿ, “ತಕ್ಕಳಿ, ಜೀವ ಬರ್ಸ್ಕಳಿ ಅದುಕ್ಕೆ” ಅನ್ನುತ್ತಿದ್ದಳು.

ಇವೆಲ್ಲ ಪೇಟೆಯಿಂದ ತಂದ ಮಾಲು. ಅಪ್ಪನ ಮನೆಯಲ್ಲೇ ಬೆಳೆದ ಮಾತೆಂದರೆ ‘ರಕ್ತದ ಕೋಡಿ’. ಬೀದಿಯ ಚರಂಡಿ ತೆಗೆಸದಿದ್ದರೆ ರಕ್ತದ ಕೋಡಿ, ಕೊಳಾಯಿ ಹಾಕಿಸದಿದ್ದರೆ ರಕ್ತದ ಕೋಡಿ. ಅಪ್ಪ ಹರಿಸುತ್ತೇನೆಂದ ರಕ್ತವೆಲ್ಲ ನಿಜವಾಗಿ ಹರಿದಿದ್ದರೆ ನಮ್ಮೂರಿಗೆ ಚಾನಲ್ಲೇ ಬೇಕಾಗಿರಲಿಲ್ಲ.

ಆದರೆ ನಮ್ಮೂರ ಜನಕ್ಕೆ ಈ ಮಾತುಗಳಿಗೆಲ್ಲ ವಟ್ಟ ಕಳೆದು ಕೇಳುವ ಲೆಕ್ಕ ಗೊತ್ತಿತ್ತು. ಸಣ್ಣೇಗೌಡ ‘ರಕ್ತದ ಕೋಡಿ’ ಅಂದರೆ ಇನ್ನೂ ಕಾಫಿ ಆಗಿಲ್ಲ ಎಂದು ಅರ್ಥ. ‘ನನ್ ಹೆಣ ಬಿದ್ರೂ ಒಪ್ಪಕಿಲ್ಲ’ ಅಂದರೆ ಊಟ ಆದಮೇಲೆ ಒಪ್ಪುತ್ತಾರೆ. ‘ನಿನ್ ಮನೆ ಮೆಟ್ಲು ತುಳಿಯಕಿಲ್ಲ ಕಣ್ಲಾ ಬೋರಾ’ ಅಂದರೆ ಹಿತ್ತಲ ಬಾಗಿಲಿಂದ ಬರುತ್ತಾರೆ. ಬೋರೇಗೌಡರೂ ಕಮ್ಮಿಯಿರಲಿಲ್ಲ. “ನಿನ್ ವಂಸ ಬೂದಿಯಾಗ!” ಎಂದು ಶುರುಮಾಡಿ, “ನಿನ್ ಕ್ಯಾನು ಸೋರ್ತಾ ಅದೆ, ನೋಡ್ಕೊಳ್ಲಾ” ಎಂದು ಮುಗಿಸುತ್ತಿದ್ದರು.

ಈ ಗಾಳಿಯಲ್ಲೇ ಬೆಳೆದ ನಾನು ಬೇರೆ ಹೇಗಿರಲಿ ಹೇಳಿ? ಹೈಸ್ಕೂಲಿನಲ್ಲಿ ‘ಹಳ್ಳಿ ಮೇಲೋ ಪಟ್ಟಣ ಮೇಲೋ’ ಎಂಬ ಚರ್ಚಾಸ್ಪರ್ಧೆ ಇಟ್ಟಿದ್ದರು. ನಾನು ಹಳ್ಳಿಯ ಪರ. ಶುದ್ಧ ಗಾಳಿ, ತಾಜಾ ತರಕಾರಿ ಎಂದೆಲ್ಲ ಮೇಡಂ ಬರೆದುಕೊಟ್ಟಿದ್ದನ್ನು ಒಪ್ಪಿಸಿ, ಚಪ್ಪಾಳೆ ಸಾಲದೆನಿಸಿ, ನನ್ನದೊಂದು ಸಾಲು ಸೇರಿಸಿದೆ: “ಇಷ್ಟಾದರೂ ಪಟ್ಟಣವೇ ಮೇಲೆಂದು ಯಾರಾದರೂ ಹೇಳಿದರೆ ಈ ಶಾಲೆಯ ಆವರಣದಲ್ಲಿ ರಕ್ತದ ಕೋಡಿ ಹರಿಯುತ್ತದೆ!” ಪಟ್ಟಣದ ಪರ ಮಾತಾಡಬೇಕಿದ್ದ ಹುಡುಗಿ ವೇದಿಕೆ ಹತ್ತಲೇ ಇಲ್ಲ. ನನಗೆ ಸಮಾಧಾನಕರ ಬಹುಮಾನವಾಗಿ ಒಂದು ಸೋಪಿನ ಡಬ್ಬಿ ಕೊಟ್ಟರು. ಸಮಾಧಾನ ಬೇಕಾಗಿದ್ದುದು ಆ ಹುಡುಗಿಗೆ.

ಎಲ್ಲಿಗೋ ಹೊರಟು ಎಲ್ಲಿಗೋ ಬಂದೆ. ಯಜಮಾನರ ವಿಷಯ ಹೇಳುತ್ತಿದ್ದೆನಲ್ಲವೆ? ಅವರನ್ನು ನಾನು ಮೊದಲು ನೋಡಿದ್ದು ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ, ನೆಂಟರ ಮದುವೆಯಲ್ಲಿ. ತೊಂಬತ್ತರ ದಶಕದ ಮಾತು. ನಮ್ಮ ಕಡೆಯ ಹುಡುಗಿಯರೆಲ್ಲ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದೆವು, ನನ್ನ ಕೈಲಿ ಪಾಯಸದ ಬಕೆಟ್ಟು. ಒಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು” ಅಂದರು. ನಮ್ಮೂರ ಲೆಕ್ಕದಲ್ಲಿ ‘ಸಾಕು’ ಅಂದರೆ ಇನ್ನೆರಡು ಸೌಟು. ‘ಅಯ್ಯೋ ಸಾಕು ಸಾಕು’ ಅಂದರೆ ನಾಲ್ಕು. ನಾನು ಅವರ ಬೆರಳ ಸಂದಿಯಲ್ಲೇ ಎರಡು ಸೌಟು ಸುರಿದೆ. ಅವರು ತಲೆಯೆತ್ತಿ, “ಸಾಕು ಅಂದ್ನಲ್ಲ?” ಅಂದರು. ಕೋಪವಿಲ್ಲ, ತಮಾಷೆಯೂ ಅಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಆಮೇಲೆ ಅಷ್ಟನ್ನೂ ಕುಡಿದು ಮುಗಿಸಿದರು. ಎಷ್ಟು ಬೇಕೋ ಅಷ್ಟೇ ಅನ್ನುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಅಲ್ಲೇ, ಬಕೆಟ್ಟು ಹಿಡಿದುಕೊಂಡೇ, ಇಷ್ಟವಾಗಿಹೋದರು.

ಅವರು ನಾಗಮಂಗಲದಾಚೆ ಬಿಂಡಿಗನವಿಲೆ ಕಡೆಯವರು, ಕೆ.ಆರ್. ಪೇಟೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಅಂಗಡಿ ಇಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು. ಬಿಂಡಿಗನವಿಲೆ ಕಡೆ ಮಳೆಯನ್ನೇ ನಂಬಿದ ಬೇಸಾಯ. ರಾಗಿ, ಹುರುಳಿ, ಕುರಿ. ಮಳೆ ಹೇಗೆ ಅಳೆದು ಬರುತ್ತದೋ ಮಾತೂ ಹಾಗೆಯೇ. ಅವರ ಮನೆಯವರಿಗೂ ನಾನು ಹಿಡಿಸಿದ್ದೆನಂತೆ. ನೆಂಟರ ಮೂಲಕ ಹೇಳಿಕಳಿಸಿದರು: ಇಂಥ ಸೋಮವಾರ ಗಂಡಿನ ತಂದೆ ತಾಯಿ ನಿಮ್ಮ ಮನೆ ನೋಡಲು ಬರುತ್ತಾರೆ, ಸರಿಹೋದರೆ ಅಂದೇ ಎಲೆ ಅಡಿಕೆ ಬದಲಾಯಿಸಿಬಿಡೋಣ. ಅವ್ವ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ನಾನು ಬೇಡ ಬೇಡವೆಂದುಕೊಂಡೇ ಹೊಸ ಸೀರೆ ಉಟ್ಟು, ಬಿಚ್ಚಿ, ಮತ್ತೆ ಉಟ್ಟೆ.

ಈಗ ಬಸ್ಸಿನ ವಿಷಯ ಹೇಳಬೇಕು. ಪಾಂಡವಪುರದ ಬಸ್ಸು ನಮ್ಮೂರಲ್ಲಿ ಕೆಳಬೀದಿಯ ಡೈರಿ ಹತ್ತಿರ ನಿಲ್ಲುತ್ತಿತ್ತು. ಪಂಚಾಯ್ತಿ ಎಲೆಕ್ಷನ್ನು ಬಂದಿತ್ತು, ಅಪ್ಪನೂ ಬೋರೇಗೌಡರೂ ಎದುರುಬದರು ನಿಂತಿದ್ದರು. ಬಸ್ಸು ಮೇಲ್ಬೀದಿಯ ಅರಳಿಕಟ್ಟೆ ಹತ್ತಿರ ನಿಲ್ಲಬೇಕೆನ್ನುವುದು ಅಪ್ಪನ ಹೋರಾಟ. ಸೋಮವಾರ ಬೆಳಿಗ್ಗೆ ಹಾಲು ಹಾಕಲು ಹೋದವರು ಬೇಗ ಬರಬೇಕಿತ್ತು, ಬರಲಿಲ್ಲ. ಡೈರಿಯ ಮುಂದೆ ಕಲ್ಲು ಹತ್ತಿ ನಿಂತಿದ್ದರು.

“ಈ ಬಸ್ಸು ಇನ್ಮೇಲೆ ಇಲ್ಲಿ ನಿಂತ್ರೆ ಸುಮ್ಕಿರಕಿಲ್ಲ! ಇಲ್ಲಿ ಇಳಿಯೋನು ಯಾವನೇ ಆಗ್ಲಿ, ಕಾಲು ಕಡ್ದು ಚಾನಲ್ಗೆ ಎಸೀತೀನಿ! ಇದು ಪ್ರಜಾಪ್ರಭುತ್ವದ ಕಗ್ಗೊಲೆ! ರಕ್ತದ ಕೋಡಿ ಅರಿಸ್ಬುಡ್ತೀನಿ!”

ಸರಿಯಾಗಿ ಆಗಲೇ ಬಸ್ಸು ಬಂತು, ನಿಂತಿತು. ಬಿಳಿ ಟವೆಲ್ಲಿನ ಹಿರಿಯರೊಬ್ಬರೂ ಹಣ್ಣಿನ ಬುಟ್ಟಿ ಹಿಡಿದ ಹೆಂಗಸೊಬ್ಬರೂ ಇಳಿದರು. ಹಿರಿಯರು ಡೈರಿ ಸೆಕ್ರೆಟರಿಯ ಹತ್ತಿರ ಹೋಗಿ, “ಸಣ್ಣೇಗೌಡ್ರ ಮನೆ ಯಾವುದು?” ಎಂದು ಕೇಳಿದರು. ಸೆಕ್ರೆಟರಿ ಲ್ಯಾಕ್ಟೋಮೀಟರಿನಿಂದ ಕಣ್ಣು ತೆಗೆಯದೆ, “ಮನೆ ಯಾಕೆ? ಅಗೋ, ಅವ್ರೇ ಅಲ್ಲಿ ನಿಂತವ್ರಲ್ಲ” ಎಂದು ಕಲ್ಲಿನ ಕಡೆ ತೋರಿಸಿದರು. ಹಿರಿಯರು ನೋಡಿದರು. ಅಪ್ಪ ಹೆಗಲ ಟವೆಲ್ಲನ್ನು ಕೊಡಲಿಯಂತೆ ಬೀಸುತ್ತ, “ಇವತ್ತೇ ಕಡೀತೀನಿ! ಯಾವಾಗ್ಲೋ ಅಲ್ಲ, ಇವತ್ತೇ!” ಅನ್ನುತ್ತಿದ್ದರು. ಹಿರಿಯರು ಹೆಂಡತಿಯ ಕೈ ಹಿಡಿದುಕೊಂಡು, ಯಾವ ಗಡಿಬಿಡಿಯೂ ಇಲ್ಲದೆ, ಅದೇ ಬಸ್ಸು ಹತ್ತಿದರು. ಬಸ್ಸು ಹೊರಟಿತು. ಅಪ್ಪ ಕಲ್ಲಿನ ಮೇಲಿಂದಲೇ ಕೂಗಿದರು: “ನೋಡ್ದಾ ಬೋರಾ! ನನ್ ಒಂದ್ ಮಾತ್ಗೆ ಇಳ್ದೋರು ಎಂಗೆ ವಾಪಸ್ ಅತ್ಬುಟ್ರು!”

ಗೆದ್ದ ಖುಷಿಯಲ್ಲೇ ಮನೆಗೆ ಬಂದು ಅಂಗಿ ಬದಲಾಯಿಸಿ ಜಗಲಿಯ ಮೇಲೆ ಕೂತರು. ಮಧ್ಯಾಹ್ನವಾಯಿತು. ಒಬ್ಬಟ್ಟು ಆರಿತು. ಯಾರೂ ಬರಲಿಲ್ಲ. ಸಂಜೆ ಹಾಲಿಗೆ ಹೋದಾಗ ಸೆಕ್ರೆಟರಿ ಕೇಳಿದರಂತೆ, “ಬೆಳಿಗ್ಗೆ ನಿಮ್ಮನೆ ಕೇಳ್ಕೊಂಡು ನಾಗಮಂಗಲದ ಕಡೆಯೋರು ಯಾರೋ ಬಂದಿದ್ರಲ್ಲ, ಯಾಕೆ ಅಂಗೆ ಓಡೋದ್ರು?” ಅಪ್ಪ ಖಾಲಿ ಕ್ಯಾನನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ನೆಂಟರ ಮೂಲಕ ಮಾತು ಬಂತು: ಹುಡುಗಿ ಒಳ್ಳೆಯವಳು, ಆದರೆ ಕಾಲು ಕಡಿಯುವವರ ಮನೆಯ ಸಂಬಂಧ ಬೇಡ. ಅವರ ಊರಲ್ಲಿ ಒಬ್ಬ ಕಡಿಯುತ್ತೇನೆ ಅಂದರೆ ಅವನು ಮಚ್ಚು ಮಸೆದಿಟ್ಟಿದ್ದಾನೆ ಎಂದೇ ಅರ್ಥ.

ನಾನು ಅತ್ತುಬಿಟ್ಟೆ ಅಂದರೆ ಆಶ್ಚರ್ಯವೇನಿಲ್ಲ. ಅವ್ವನ ಹತ್ತಿರ, “ನಂಗೆ ಬೇರೆ ಗಂಡು ನೋಡ್ಬ್ಯಾಡಿ” ಅಂದೆ. ಅದು ನನ್ನ ಬಾಯಿಂದ ಅದುವರೆಗೆ ಬಂದ ಮಾತುಗಳಲ್ಲೆಲ್ಲ ಚಿಕ್ಕದು. ಬಾಗಿಲ ಪಕ್ಕ ನಿಂತಿದ್ದ ಅಪ್ಪನಿಗೆ ಕೇಳಿಸಿತು. ಅವರು ಪಿತೂರಿ ಅನ್ನಲಿಲ್ಲ, ಇತಿಹಾಸವನ್ನೂ ಕರೆಯಲಿಲ್ಲ. ಮಾರನೇ ಬೆಳಿಗ್ಗೆ ಡೈರಿಯಲ್ಲಿ ಬೋರೇಗೌಡರು “ಏನ್ಲಾ, ಬಸ್ಸು ಇಲ್ಲೇ ನಿಲ್ತಾ ಅದೆ, ಎಲ್ಲೋಯ್ತು ನಿನ್ ಕೋಡಿ?” ಎಂದು ಕೆಣಕಿದರೂ ಹಾಲು ಹಾಕಿ ಸುಮ್ಮನೆ ಬಂದುಬಿಟ್ಟರು. ಊರಿಗೆ ಊರೇ ಗಾಬರಿಯಾಯಿತು. ಯಾರೋ ಡಾಕ್ಟರಿಗೆ ತೋರಿಸಿ ಅಂದರು.

ಬೋರೇಗೌಡರು ಮಾತ್ರ ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದರು. ಅವ್ವನಿಂದ ಎಲ್ಲ ಕೇಳಿ ತಿಳಿದುಕೊಂಡು, “ಅಲ್ಲ ಕಣವ್ವ, ಇವ್ನು ನನ್ನ ದಿನಾ ಕಡೀತಾನೆ. ನಾನು ಬದ್ಕಿಲ್ವಾ? ನಾನೇ ಬತ್ತೀನಿ ಬಿಂಡಿಗನವಿಲೆಗೆ. ಒಂದ್ಸಲ ನನ್ನ ಕೈಕಾಲು ನೋಡ್ಬುಡ್ಲಿ, ಅವ್ರಿಗೆ ನಂಬ್ಕೆ ಬತ್ತದೆ” ಅಂದರು.

ಹಾಗೆ ಅಪ್ಪ, ಅವ್ವ, ಸಾಕ್ಷಿಗೆ ಬೋರೇಗೌಡರು, ಮೂವರೂ ನಾಗಮಂಗಲದಲ್ಲಿ ಬಸ್ಸು ಬದಲಿಸಿ ಹೊರಟರು. ಮುಂದಿನದನ್ನು ಅವ್ವ ಹೇಳಿದ್ದು, ಬಾಗಿಲ ಹಿಂದೆ ನಿಂತು ಕೇಳಿದ ಯಜಮಾನರು ಹೌದೆಂದು ತಲೆಯಾಡಿಸಿದ್ದು. ದಾರಿಯುದ್ದಕ್ಕೂ ಅವ್ವ ಅಪ್ಪನಿಗೆ ಪಾಠ ಹೇಳಿದಳಂತೆ. “ಕೇಳಿದ್ದಕ್ಕೆ ಕೇಳಿದಷ್ಟೇ ಯೋಳಿ. ಕೋಡಿ ಬ್ಯಾಡ, ಕೊಲೆ ಬ್ಯಾಡ, ಇತಿಹಾಸ ಬ್ಯಾಡ. ನಾನು ಕೆಮ್ಮುದ್ರೆ ಬಾಯ್ ಮುಚ್ಚಿ.”

ಅಪ್ಪನ ಕಷ್ಟ ನೋಡಲಾಗುತ್ತಿರಲಿಲ್ಲವಂತೆ. ಹೊಗಳಿಕೊಳ್ಳಬಾರದು ಎಂಬ ಭಯದಲ್ಲಿ ಇದ್ದದ್ದನ್ನೂ ತೆಗೆದುಹಾಕಿಬಿಟ್ಟರು. ಮಾವನವರು, ಅಂದರೆ ಆ ಬಿಳಿ ಟವೆಲ್ಲಿನ ಹಿರಿಯರು, ಗದ್ದೆ ಹೇಗೆ ಎಂದು ಕೇಳಿದರು. “ಅದೆ” ಅಂದರು ಅಪ್ಪ. ಮನೆ? “ಅದೆ. ಮಳೆ ಬಂದ್ರೆ ಸೋರ್ತದೆ.” ಮಗಳು? ಅಪ್ಪ ಬೆವರೊರೆಸಿಕೊಂಡರು. ಯಾರಾದರೂ ನೆಂಟರು ಹೀಗೆ ಕೇಳಿದ್ದರೆ ಮೂರು ಲೋಕದಲ್ಲೂ ಹುಡುಕಿದರೂ ಅಂಥವಳು ಸಿಗಳು ಎಂದು ಶುರುವಾಗುತ್ತಿತ್ತು. ಈಗ, “ಇದ್ದಾಳೆ. ಮುದ್ದೆ ಕಟ್ತಾಳೆ. ಒಂದೊಂದ್ಸಲ ಗಂಟಾಯ್ತದೆ” ಅಂದರು. ಅವ್ವ ಕೆಮ್ಮಿದಳು. ಅಪ್ಪ ಅದೂ ಹೊಗಳಿಕೆಯಾಯಿತೇನೋ ಎಂದುಕೊಂಡು, “ಒಂದೊಂದ್ಸಲ ಅಲ್ಲ, ಮೂರ್ ಒತ್ತೂ ಗಂಟಾಯ್ತದೆ” ಎಂದು ತಿದ್ದಿದರು. ಈ ಮಾತನ್ನು ನಮ್ಮ ಯಜಮಾನರು ಇವತ್ತಿಗೂ ಮುದ್ದೆ ಮುರಿಯುವಾಗ ನೆನೆಸಿಕೊಳ್ಳುತ್ತಾರೆ.

ಮಾವ ಬೋರೇಗೌಡರ ಕಡೆ ತಿರುಗಿದರು. “ಇವ್ರು ನಿಮಗೆ ಯಾವತ್ತಾದ್ರೂ ಒಡ್ದವ್ರಾ?”

“ಒಡೆಯೋದಾ?” ಅಂದರು ಬೋರೇಗೌಡರು. “ನನ್ ಎತ್ತು ಸತ್ತೋದ್ ವರ್ಸ ಇವ್ನೇ ಬಂದು ನನ್ ಗದ್ದೆ ಉತ್ತುಕೊಟ್ಟ ಕಣ್ರಪ್ಪಾ. ಈ ತುದಿಯಿಂದ ಆ ತುದಿಗಂಟ ನನ್ನ ಬೈಕೊಂಡೇ ಉತ್ತ.”

“ಮತ್ತೆ ಅವತ್ತು ಯಾತಕ್ಕೆ ಅಷ್ಟು ಕೂಗಾಟ?”

“ಬಸ್ಸು ನಿಲ್ಲೋ ಜಾಗುಕ್ಕೆ” ಅಂದರು ಅಪ್ಪ.

“ಎಲ್ಲಿ ನಿಲ್ಬೇಕು?”

“ಅರಳಿಕಟ್ಟೆ ತಾವ.”

“ಈಗೆಲ್ಲಿ ನಿಲ್ತದೆ?”

“ಡೈರಿ ತಾವ.”

“ಡೈರಿಯಿಂದ ಅರಳಿಕಟ್ಟೆ ಎಷ್ಟು ದೂರ ಆಯ್ತದೆ?”

ಅಪ್ಪನೂ ಬೋರೇಗೌಡರೂ ಮುಖ ಮುಖ ನೋಡಿಕೊಂಡರು. ಅಷ್ಟು ವರ್ಷ ಜಗಳವಾಡಿದ್ದರೂ ಇದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಅಪ್ಪ, ನಿಜವನ್ನೇ ಹೇಳಬೇಕಲ್ಲ ಎಂಬ ಸಂಕಟದಲ್ಲಿ, “ಅಲ್ಲಿಂದ ಕರುದ್ರೆ ಇಲ್ಗೆ ಕೇಳುಸ್ತದೆ” ಅಂದರು.

“ಕೂಗಿ ಕರುದ್ರಾ?”

“ಮೆತ್ತಗೆ ಕರುದ್ರೂವೆ.”

ಮಾವ ನಗಲಿಲ್ಲ. ನಗುವುದಕ್ಕೂ ಅವರ ಮನೆಯಲ್ಲಿ ಒಂದಿಷ್ಟು ಹೊತ್ತು ಬೇಕು. ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಇಟ್ಟರು, ಮಡಿಸಿದರು, ಬಾಯಿಗಿಟ್ಟುಕೊಂಡರು. ಆಮೇಲೆ ಹೆಗಲು ಕುಣಿಯತೊಡಗಿತು. ಎಲೆ ಅಡಿಕೆ ನೆತ್ತಿಗೇರಿ, ಅತ್ತೆ ನೀರು ತಂದುಕೊಟ್ಟು ಬೆನ್ನು ತಟ್ಟಬೇಕಾಯಿತು. ಬೋರೇಗೌಡರೂ ನಕ್ಕರು. ಅಪ್ಪ ನಗಬಹುದೋ ಬಾರದೋ ತಿಳಿಯದೆ ಅವ್ವನ ಮುಖ ನೋಡುತ್ತಿದ್ದರಂತೆ.

ಎಲ್ಲರೂ ಸುಮ್ಮನಾದ ಮೇಲೆ ಮಾವ ಇನ್ನೊಂದು ಕೇಳಿದರು. “ಮಗಳನ್ನ ಈಟು ದೂರ ಕೊಟ್ಬುಟ್ಟು ಇರ್ತೀರಾ?”

ಮಾಮೂಲಿ ಅಪ್ಪನಾಗಿದ್ದರೆ ಅಲ್ಲೇ ಎದೆಬಡಿದುಕೊಂಡು ಪ್ರಾಣ ಬಿಡುತ್ತೇನೆ ಅನ್ನಬೇಕಿತ್ತು. “ಇರ್ತೀನಿ” ಅಂದರು. ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, “ಊಟ ಸೇರಕಿಲ್ಲ” ಅಂದರು. ಅವ್ವ ಕೆಮ್ಮಲಿಲ್ಲ. ನನಗಾಗಿ ಪ್ರಾಣ ಕೊಡುತ್ತೇನೆಂದು ಅಪ್ಪ ಅದೆಷ್ಟು ಸಲ ಹೇಳಿದ್ದರೋ, ನಾನು ಪ್ರತಿಸಲವೂ ನಕ್ಕಿದ್ದೆ. ಅವ್ವ ಬಂದು ಇದನ್ನು ಹೇಳಿದಾಗ ನನಗೆ ನಗು ಬರಲಿಲ್ಲ.

ಮಾವ ಎದ್ದು ಒಳಗಿನಿಂದ ಎಲೆ ಅಡಿಕೆಯ ತಟ್ಟೆ ತಂದರು. ಅಷ್ಟೇ, ಮಾತು ಮುಗಿಯಿತು.

ಮದುವೆ ಪಾಂಡವಪುರದ ಛತ್ರದಲ್ಲಾಯಿತು. ಬೀಗರ ಪಂಕ್ತಿಗೆ ಅಪ್ಪನೇ ಪಾಯಸ ಬಡಿಸಿದರು. ಮಾವ “ಸಾಕು” ಅಂದರು. ಅಪ್ಪ ಪಾಠ ಕಲಿತವರಲ್ಲವೆ, ಸೌಟನ್ನು ತಕ್ಷಣ ಎತ್ತಿಕೊಂಡರು. ಮಾವ ತಲೆಯೆತ್ತಿ ನೋಡಿದರು. “ಯಾಕೆ ನಿಲ್ಲುಸ್ಬುಟ್ರಿ? ಅದು ನಿಮ್ಮೂರ್ ಸಾಕು. ಬುಡಿ ಎರಡು ಸೌಟ.”

ನನ್ನನ್ನು ಕಳಿಸಿಕೊಡುವಾಗ ಛತ್ರದ ಮುಂದೆ ಊರಿನ ಎರಡೂ ಬೀದಿಯ ಜನ ವ್ಯಾನಿನ ಸುತ್ತ ಸೇರಿಬಿಟ್ಟರು. ನನ್ನ ಮೇಲಿನ ಪ್ರೀತಿಗಲ್ಲ, ಸಣ್ಣೇಗೌಡರು ಇವತ್ತು ಯಾವ ಭಾಷಣ ಮಾಡುತ್ತಾರೋ ತಪ್ಪಿಹೋದೀತು ಎಂದು. ಅಪ್ಪ ಕಿಟಕಿಯ ಹತ್ತಿರ ಬಂದರು. ಬಾಯಿ ತೆರೆದರು. “ಉಣ್ಣವ್ವ ಒತ್ತೊತ್ಗೆ” ಅಂದರು. ಅಷ್ಟೇ. ಟವೆಲ್ಲಿನಿಂದ ವ್ಯಾನಿನ ಗಾಜು ಒರೆಸಿದರು, ಗಾಜಿನ ಮೇಲೆ ಏನೂ ಇರಲಿಲ್ಲ. ವ್ಯಾನು ಹೊರಟಿತು.

ಆ ಮೌನ ಬೋರೇಗೌಡರಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ಪಕ್ಕದಲ್ಲಿದ್ದ ಕಟ್ಟೆ ಹತ್ತಿ, ಅಪ್ಪನ ಬದಲಿಗೆ ತಾವೇ ಕೂಗಿದರು: “ಲೇ ಬಿಂಡಿಗನವಿಲೆಯೋರಾ! ನಮ್ ಉಡುಗಿ ಕಣ್ಣಲ್ಲಿ ಒಂದ್ ಅನಿ ನೀರ್ ಬಂತೋ, ನಾಗಮಂಗಲ ದಾಟಿ ನಿಮ್ಮೂರ್ ಗಂಟ ರಕ್ತದ ಕೋಡಿ ಅರಿಸ್ಬುಡ್ತೀವೀ!”

ಮುಂದಿನ ಸೀಟಿನಲ್ಲಿದ್ದ ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. “ಏನವ್ವ ಇದ್ರರ್ಥ?”

ನಾನು ಮೂಗೊರೆಸಿಕೊಂಡು, “ಚೆನ್ನಾಗಿ ನೋಡ್ಕೊಳಿ ಅಂತ, ಮಾವ” ಅಂದೆ.

ಮಾವ ಡ್ರೈವರಿಗೆ ನಿಧಾನ ಮಾಡಲು ಹೇಳಿದರು. ಆಮೇಲೆ, ಹುಟ್ಟಿದಾರಭ್ಯ ಕುರಿಯನ್ನೂ ಗದರಿಸದ ಆ ಮನುಷ್ಯ ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ, ಅಭ್ಯಾಸವಿಲ್ಲದೆ ಒಡೆದುಹೋದ ದನಿಯಲ್ಲಿ, ರಸ್ತೆಗೆಲ್ಲ ಕೇಳುವಂತೆ ಕೂಗಿದರು: “ನೋಡ್ಕತೀವೀ!”

ಹಿಂದಿನಿಂದ, ಅಷ್ಟು ಹೊತ್ತಿನಿಂದ ಕಾಣೆಯಾಗಿದ್ದ ನಮ್ಮಪ್ಪನ ದನಿ ಬಂತು.

“ಕೇಳುಸ್ತೂ!”